ಈಸೂರಿನ ಅಳಿಯನ ಇಂಗ್ಲಿಷ್ ಕಾರು

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಎದುರು, ಹಾಡಹಗಲಿನಲ್ಲಿ, ಅರ್ಧ ಕಪ್ ಚಹಾ ಸಾಕ್ಷಿಯಾಗಿ ನಾನು ಪ್ರತಿಜ್ಞೆ ಮಾಡಿದೆ: "ಈ ಪಂಚಮಿಗೆ ನನ್ನ ಹೆಂಡ್ತಿನ ದೊರೆಗಳ ಕಾರಿನಾಗೆ ಕುಂದ್ರಿಸಿ ಅವಳ ತವರುಮನೆ ಬಾಗಿಲಿಗೆ ಇಳಿಸದಿದ್ರೆ, ಈ ಮಹೇಶ್ವರಪ್ಪನ ಮೀಸೆ ಇರಾದಿಲ್ಲ!"

ಹೋಟೆಲಿನವನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಬೀಳದೆ ಏನು ಮಾಡೀತು? ನನ್ನ ಮೀಸೆ ಸಾಮಾನ್ಯದ್ದಲ್ಲ. ನಾನು ತಾಲ್ಲೂಕು ಕಚೇರಿಯ ಮುಂದೆ ನಿಂತರೆ ಅದರ ಎಡತುದಿ ಶಿಕಾರಿಪುರದಲ್ಲಿರುತ್ತದೆ, ಬಲತುದಿ ಸೊರಬದ ಗಡಿಯಲ್ಲಿ ಗಾಳಿಗೆ ಅಲ್ಲಾಡುತ್ತಿರುತ್ತದೆ. ಕಬ್ಬಿಣದಂಗಡಿಯನ್ನು ಮಗ ಸಿದ್ಧಲಿಂಗೇಶನಿಗೆ ಬಿಟ್ಟುಕೊಟ್ಟ ಮೇಲೆ ನನ್ನ ಕೈಯಲ್ಲಿ ಉಳಿದಿರುವ ಆಸ್ತಿ ಅದೊಂದೇ!

ಇಷ್ಟು ದೊಡ್ಡ ಪಣಕ್ಕೆ ಕಾರಣ ನನ್ನ ಭಾಮೈದ, ಈಸೂರಿನ ಹುಚ್ಚರಾಯಪ್ಪ. ಮದುವೆಯ ದಿನ ನಾನು ಹೆಂಡತಿ ರಾಜೇಶ್ವರಮ್ಮನನ್ನು ಈಸೂರಿನಿಂದ ಕರೆತಂದದ್ದು ಅಂಗಡಿಗೆ ತಗಡು ತುಂಬಿಕೊಂಡು ಹೋಗುತ್ತಿದ್ದ ಲಾರಿಯಲ್ಲಿ. ಹೇಗೂ ಅದೇ ದಾರಿ, ಹೇಗೂ ಖಾಲಿ ಜಾಗವಿತ್ತು, ಮದುಮಗಳನ್ನೂ ಹತ್ತಿಸಿಕೊಂಡೆ. ವ್ಯಾಪಾರಸ್ಥನ ಬುದ್ಧಿ! ಅವತ್ತು ತಗಡು ಮಾಡಿದ ಸದ್ದಿನ ಮುಂದೆ ವಾಲಗ ಸಪ್ಪೆಯಾಗಿತ್ತು. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಪ್ರತಿ ಪಂಚಮಿಗೂ ನಾವು ಬಸ್ಸಿನಿಂದ ಇಳಿಯುತ್ತಿದ್ದ ಹಾಗೆ ಹುಚ್ಚರಾಯಪ್ಪ ತನ್ನ ಖಾದಿ ಟೋಪಿಯನ್ನು ಹಿಂದಕ್ಕೆ ಸರಿಸಿ ಕೇಳುವುದು ಒಂದೇ ಪ್ರಶ್ನೆ.

"ಏನು ಭಾವ, ಈ ಸಲ ತಗಡು ತಂದ್ರೋ, ಮೊಳೆ ತಂದ್ರೋ?"

ಮೊದಮೊದಲು ಊರವರು ನಗುತ್ತಿದ್ದರು. ಆಮೇಲೆ ಅವರ ಮಕ್ಕಳು ನಕ್ಕರು. ಹೋದ ವರ್ಷ ಮೊಮ್ಮಕ್ಕಳು ನಕ್ಕವು. ಇನ್ನೂ ಹುಟ್ಟದವರು ನಗುವ ಮೊದಲು ಏನಾದರೂ ಮಾಡಲೇಬೇಕಿತ್ತು.

ಇಂಥ ಹೊತ್ತಿನಲ್ಲಿ, ಸೊರಬ ತಾಲ್ಲೂಕಿನ ಕುಬಟೂರಿನಲ್ಲಿ ಹುಲಿಯಪ್ಪನೆಂಬವರ ಹತ್ತಿರ ಹಳೇ ತಗಡು ಮಾರಾಟಕ್ಕಿದೆ ಎಂದು ತಿಳಿದು ನೋಡಲು ಹೋದೆ. ತಗಡು ಇತ್ತು. ಅದರ ಕೆಳಗೆ ಹುಲ್ಲಿತ್ತು. ಹುಲ್ಲಿನ ಕೆಳಗೆ ಏನೋ ಮಿಣುಕ್ ಎಂದಿತು.

"ಅದೆಂಥದು ಹುಲಿಯಪ್ನೋರೇ?"

"ಅದಾ? ಅದು ಅಪ್ಪಯ್ಯನ ಕಾಲದ್ದು ಮಾರಾಯ್ರೆ. ಚಿಕ್ಕಮಗಳೂರ ಕಡೆ ಕಾಫಿ ತೋಟದ ದೊರೆ ಊರಿಗೆ ಹೊರಟಾಗ ಬಿಟ್ಟು ಹೋದದ್ದು. ಅಪ್ಪಯ್ಯ ತಗಂಡು ಬಂದ್ರು. ಈಗ ಕೋಳಿ ಕೂತ್ಕಳ್ತದೆ."

ಹುಲ್ಲು ಸರಿಸಿದರು. ನಾನು ಚಪ್ಪಲಿ ಬಿಟ್ಟೆ!

ಕಂಪನಿಯ ಹೆಸರು ಹೇಳುವುದಿಲ್ಲ. ಲಂಡನ್ನಿನಿಂದ ನೋಟೀಸು ಬಂದರೆ ಓದಿ ಹೇಳುವವರು ನಮ್ಮ ಬೀದಿಯಲ್ಲಿಲ್ಲ. ಆದರೆ ಆ ಕಾರು! ಕಡುಹಸಿರು ಮೈ, ತುಂಬಿದ ಕೆರೆಯ ಹಾಗೆ ಆಳ. ಬಗ್ಗಿ ನೋಡಿದರೆ ನನ್ನ ಮುಖವಲ್ಲ, ನಮ್ಮಜ್ಜನ ಮುಖ ಕಾಣುತ್ತಿತ್ತು. ಮೂತಿಯ ಮೇಲೆ ರೆಕ್ಕೆ ಬಿಚ್ಚಿದ ಬೆಳ್ಳಿಯ ಹಂಸ. ಒಳಗೆ ಸ್ಟೇರಿಂಗಿನ ಮುಂದೆ ಉದ್ದಕ್ಕೂ ಮರದ ಹಲಗೆ. ಅದರ ಮೇಲಿನ ಗೆರೆಗಳನ್ನು ನೋಡುತ್ತ ನಿಂತರೆ ಒಂದು ಹೊತ್ತಿನ ಊಟ ಮರೆಯಬಹುದು. ಬಾಗಿಲು ಮುಚ್ಚಿದರೆ ಧಡಾರ್ ಎನ್ನುವುದಿಲ್ಲ, ಒಂದು ನಿಟ್ಟುಸಿರು ಬಿಡುತ್ತದೆ, ಅಷ್ಟೆ. ಹಿಂದಿನ ಚರ್ಮದ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಅದರ ಮುಖದಲ್ಲಿ ಎಂಥ ಗಾಂಭೀರ್ಯ! ಆ ಸೀಟಿನಲ್ಲಿ ಕೂತರೆ ಕೋಳಿಗೇ ಅಷ್ಟು ಗತ್ತು ಬರುವುದಾದರೆ ರಾಜೇಶ್ವರಮ್ಮನಿಗೆ ಎಷ್ಟು ಬರಬೇಡ!

ಎಷ್ಟಕ್ಕೆ ಕೊಂಡೆ ಎಂದು ಬರೆಯುವುದಿಲ್ಲ. ನನ್ನ ಹೆಂಡತಿ ಓದು ಬಲ್ಲವಳು.

ಹುಲಿಯಪ್ಪ ಕೋಳಿಯನ್ನು ಮೊಟ್ಟೆಯ ಸಮೇತ ಇಳಿಸಿಕೊಂಡು, ಆನವಟ್ಟಿಯಿಂದ ಮೆಕ್ಯಾನಿಕ್ ಕರೆಸಿ, ತಿಂಗಳೊಪ್ಪತ್ತು ತಿದ್ದಿಸಿ ಕಾರನ್ನು ಎಬ್ಬಿಸಿಕೊಟ್ಟರು. ಎದ್ದಿದೆಯೋ ಇಲ್ಲವೋ ತಿಳಿಯಲು ಬಾನೆಟ್ಟಿಗೆ ಕಿವಿ ಹಚ್ಚಬೇಕು, ಅಷ್ಟು ನಾಜೂಕಿನ ಎಂಜಿನ್ನು! ಹೊರಡುವಾಗ ಕಿಟಕಿಗೆ ಬಗ್ಗಿ ಹುಲಿಯಪ್ಪ ಹೇಳಿದರು:

"ಒಂದೇ ಮಾತು ಮಾರಾಯ್ರೆ. ಹಿಂದಕ್ಕೆ ಹೋಗೋ ಗೇರು ಮಾತ್ರ ಹಾಕ್ಬೇಡಿ. ಸಿಕ್ಕಿ ಹಾಕ್ಕಂಡ್ರೆ ಬಿಡಾದಿಲ್ಲ ಅದು."

ನಾನು ಮೀಸೆ ತಿರುವಿದೆ. "ಹುಲಿಯಪ್ನೋರೇ, ಈ ಮಹೇಶ್ವರಪ್ಪ ಹುಟ್ಟಿದಾಗಿಂದ ಹಿಂದಕ್ಕೆ ಹೋದೋನೇ ಅಲ್ಲ!"

ಹೊರಟೆ. ಹಾರನ್ ಒಂದು ಸಲ ಒತ್ತಿದೆ. ಆ ಗಂಭೀರ ನಾದಕ್ಕೆ ಗುಡವಿ ಪಕ್ಷಿಧಾಮದ ಹಕ್ಕಿಗಳೆಲ್ಲ ವಿದೇಶದ ನೆಂಟರು ಬಂದರೆಂದು ಒಟ್ಟಿಗೆ ಎದ್ದವಂತೆ. ಶಿರಾಳಕೊಪ್ಪದಲ್ಲಿ ಎದುರು ಬಂದ ಮೆಕ್ಕೆಜೋಳದ ಲಾರಿ ರಸ್ತೆ ಬಿಟ್ಟಿಳಿದು ಕೈಕಟ್ಟಿ ನಿಂತಿತು. ಲಾರಿಗೆ ಕೈ ಎಲ್ಲಿ ಎಂದು ಕೇಳಬೇಡಿ, ನಾನು ಕಣ್ಣಾರೆ ಕಂಡೆ!

ಮನೆಯ ಮುಂದೆ ನಿಲ್ಲಿಸಿದಾಗ ಬೀದಿಗೆ ಬೀದಿಯೇ ಉಸಿರು ಹಿಡಿದು ನಿಂತಿತು. ಒಬ್ಬರೂ ಕಾರನ್ನು ಮುಟ್ಟಲಿಲ್ಲ. ಎದುರುಮನೆಯ ಗುಡ್ಡಮ್ಮ ಮಾತ್ರ ಎರಡು ಊದುಬತ್ತಿ ಹಚ್ಚಿ ಹಂಸದ ಮುಂದೆ ಆಡಿಸಿ ಕೆನ್ನೆ ಬಡಿದುಕೊಂಡಳು. ರಾಜೇಶ್ವರಮ್ಮ ಎಳ್ಳುಂಡೆ ಕಟ್ಟುತ್ತಿದ್ದ ಕೈಯಲ್ಲೇ ಹೊರಗೆ ಬಂದಳು. ಕಾರಿನ ಸುತ್ತ ಒಂದು ಸುತ್ತು ಹಾಕಿದಳು. ಅವಳ ಕಣ್ಣು ಅರಳಿದ್ದನ್ನು ನಾನು ನೋಡಿದೆ! ಸುಳ್ಳಲ್ಲ, ಅರಳಿತು.

"ಎಷ್ಟು ಚೆಂದ ಐತ್ರೀ! ಯಾವ ದೇಶದ್ದು?"

"ಅಪ್ಪಟ ಇಂಗ್ಲೆಂಡಿಂದು ಕಣೇ! ಬ್ರಿಟಿಷ್ ಮಾಲು!"

ಅರಳಿದ ಕಣ್ಣು ಮುದುಡಿತು.

"ನಾನು ಯಾವೂರೋಳು?"

"ಈಸೂರೋಳು."

"ನಮ್ಮಪ್ಪ ಜೈಲಿಗೆ ಯಾಕೆ ಹೋಗಿದ್ದ?"

ನನ್ನ ಮೀಸೆಯ ಎರಡೂ ತುದಿ ಒಟ್ಟಿಗೆ ಜೋತುಬಿದ್ದವು. ನಲವತ್ತೆರಡರಲ್ಲಿ ಬ್ರಿಟಿಷರಿಗೆ ಸೆಡ್ಡು ಹೊಡೆದು, ತಮ್ಮದೇ ಸರ್ಕಾರ ಕಟ್ಟಿಕೊಂಡ ಊರು ಈಸೂರು. ನನ್ನ ಮಾವ ಆ ಗಲಾಟೆಯಲ್ಲಿ ಜೈಲು ಕಂಡವರು. ಇಡೀ ಭೂಮಂಡಲದಲ್ಲಿ ಇಂಗ್ಲಿಷ್ ಕಾರು ಕೊಳ್ಳಬಾರದವನು ಯಾರಾದರೂ ಇದ್ದರೆ ಅವನು ಈಸೂರಿನ ಅಳಿಯ! ಜಪಾನಿನದು ಕೊಳ್ಳಬಹುದಿತ್ತು. ಜರ್ಮನಿಯದು ಕೊಳ್ಳಬಹುದಿತ್ತು. ಹೋಗಲಿ, ಇನ್ನೊಂದು ಲಾರಿ ತಗಡು ಕೊಳ್ಳಬಹುದಿತ್ತು!

"ಇದು ಆ ಬ್ರಿಟಿಷರದಲ್ಲ ಕಣೇ, ಆಮ್ಯಾಲಿನ ಬ್ರಿಟಿಷರದು. ಸ್ವಾತಂತ್ರ್ಯ ಬಂದ ಮ್ಯಾಲೆ ತಯಾರಾಗಿದ್ದು."

"ನಿಮ್ಮ ಕಾರಿನಾಗೆ ನೀವು ಬರ್ರಿ. ನಾನು ಬಸ್ಸಿಗೆ ಹೋಗ್ತೀನಿ. ಅಪ್ಪ ಊರಿಂದ ಆಚಿಗೆ ಹಾಕಿದ್ದನ್ನ ಅವನ ಮಗಳೇ ಮನೆ ಬಾಗಿಲಿಗೆ ತಂದ್ಲು ಅನ್ನಿಸ್ಕಳ್ಳಾಕೆ ನನ್ ಕೈಲಾಗಲ್ಲ."

ಪಂಚಮಿಯ ಬೆಳಿಗ್ಗೆ ಅವಳು ಬಸ್ಸು ಹತ್ತಿದಳು, ನಾನು ಕಾರು ಹತ್ತಿದೆ. ದಾರಿಯಲ್ಲಿ ಹೇಗಾದರೂ ಅವಳ ಮನಸ್ಸು ಕರಗೀತು ಎಂದು ಬಸ್ಸಿನ ಹಿಂದೆಯೇ ಬಿಟ್ಟೆ. ಶಿಕಾರಿಪುರದಿಂದ ಈಸೂರು ಎಷ್ಟು ದೂರ? ಬಾಯಿಗೆ ಹಾಕಿದ ಎಲೆಯಡಿಕೆ ಕೆಂಪಾಗುವಷ್ಟು. ಅಷ್ಟರಲ್ಲೇ ನನ್ನ ಹಸಿರು ದೊರೆಗೆ ಬಾಯಾರಿತು! ಕಂಡ ಕಂಡ ಬೋರ್‌ವೆಲ್ಲಿನ ಹತ್ತಿರ ಹಬೆ ಬಿಡುತ್ತ ನಿಂತ. ನಾನು ಕೊಡ ಕೊಡ ಹೊಯ್ದೆ. ಆ ನೀರಿಗೆ ಒಂದು ಎಕರೆ ಭತ್ತ ಬೆಳೆಯಬಹುದಿತ್ತು. ಬಸ್ಸು ಕಣ್ಮರೆಯಾಗುವಾಗ ಕಿಟಕಿಯಿಂದ ಒಂದು ಎಳ್ಳುಂಡೆ ಹಿಡಿದ ಕೈ ನನ್ನ ಕಡೆ ಆಡಿತು. ಕರೆದದ್ದೋ, ಅಣಕಿಸಿದ್ದೋ, ಇವತ್ತಿಗೂ ಗೊತ್ತಿಲ್ಲ.

ಈಸೂರಿನ ಮನೆಗಳು ಕಂಡವು. ಊರಮುಂದಿನ ಮರಕ್ಕೆ ಜೋಕಾಲಿ ಕಟ್ಟಿದ್ದರು, ಹೊಸ ಸೀರೆ ಉಟ್ಟ ಹೆಣ್ಣುಮಕ್ಕಳು ಜೀಕುತ್ತಿದ್ದರು. ನಾನು ಎದೆಯುಬ್ಬಿಸಿ ಹಾರನ್ ಒತ್ತಿದೆ. ಜೋಕಾಲಿಯಲ್ಲಿದ್ದ ಹುಡುಗಿ ಕಾರನ್ನು ನೋಡಿದ ಬೆರಗಿಗೆ ಮೇಲಕ್ಕೆ ಹೋದವಳು ಕೆಳಗೆ ಬರುವುದನ್ನೇ ಮರೆತಳು! ಸರಿಯಾಗಿ ಆಗ, ಊರೊಳಗೆ ಇನ್ನೊಂದೇ ಮಾರು ಇದೆ ಎನ್ನುವಾಗ, ದೊರೆ ಒಂದು ಸಲ ಕೆಮ್ಮಿ, ಎರಡು ಸಲ ನಡುಗಿ, ನಿಂತೇಬಿಟ್ಟ. ಕೀಲಿ ತಿರುಗಿಸಿದೆ. ಬೈದೆ. ಕೈಮುಗಿದೆ. ಉಹುಂ.

ಊರೆಲ್ಲ ಸುತ್ತ ನೆರೆಯಿತು. ಮುಟ್ಟಿದವರಿಲ್ಲ. ಹಂಸವನ್ನು ನೋಡುತ್ತ ಹುಚ್ಚರಾಯಪ್ಪನೂ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಆಮೇಲೆ ನೆನಪಾಗಿ ಗಬಕ್ಕನೆ ತಲೆಗೆ ಹಾಕಿಕೊಂಡ. ರಾಜೇಶ್ವರಮ್ಮ ಮರದ ಕೆಳಗೆ ಸೆರಗು ಹೊದ್ದು ನಿಂತಿದ್ದಳು.

"ಹುಚ್ಚರಾಯಪ್ಪ, ಒಂದ್ನಾಕು ಜನ ಕೈ ಹಚ್ರಪ್ಪ. ತಳ್ಳಿದ್ರೆ ಸ್ಟಾರ್ಟ್ ಆಗ್ತೈತೆ."

"ಯಾವ ಕಡಿಗೆ ಭಾವ?"

"ಊರೊಳಗೆ!"

ಹುಚ್ಚರಾಯಪ್ಪ ಜನರ ಕಡೆ ತಿರುಗಿದ. "ಏನ್ರಪ್ಪಾ, ಬ್ರಿಟಿಷರ ಗಾಡಿನ ಊರೊಳಕ್ಕೆ ತಳ್ಳಬೇಕಂತೆ. ಯಾರು ಬರ್ತೀರಿ?"

ಒಬ್ಬರೂ ಅಲುಗಲಿಲ್ಲ. ಮುದುಕ ಹನುಮಂತಪ್ಪ ಕೋಲು ಊರಿಕೊಂಡು ಮುಂದೆ ಬಂದ. "ನೋಡ್ರೀ ಅಳಿಯಂದ್ರೆ, ಬ್ರಿಟಿಷರನ್ನ ಒಳಗೆ ತಳ್ಳಿ ನಮಗೆ ರೂಢಿಯಿಲ್ಲ. ಹೊರಗೆ ತಳ್ಳೋದಾದ್ರೆ ಹೇಳ್ರಿ, ನಾನೇ ಮೊದಲು ಕೈ ಹಚ್ತೀನಿ."

"ಅಯ್ಯೋ, ಯಾವ ಕಡಿಗಾದ್ರೂ ತಳ್ರಪ್ಪ!" ಎಂದುಬಿಟ್ಟೆ.

ಅಷ್ಟು ಸಾಕಾಯಿತು! ನಲವತ್ತೆರಡರಿಂದ ಇದಕ್ಕೇ ಕಾದಿದ್ದವರ ಹಾಗೆ ಇಡೀ ಊರು ಹಂಸದ ಕಡೆಯಿಂದ ಕೈಹಚ್ಚಿತು. ಮುದುಕರು, ಸೊಸೆಯಂದಿರು, ಜೋಕಾಲಿಯಿಂದ ಕೊನೆಗೂ ಇಳಿದ ಹುಡುಗಿ, ಎಲ್ಲರೂ! ಕಾರು ಹಿಂದಕ್ಕೆ ಹಿಂದಕ್ಕೆ ಗಾಳಿಯ ಹಾಗೆ ಓಡಿತು. ಹಿಂದಕ್ಕೆ ಓಡುವ ಕಾರಿನ ಎಂಜಿನ್ ಹತ್ತಬೇಕೆಂದರೆ ಹಾಕಬೇಕಾದ ಗೇರು ಯಾವುದು? ಹುಲಿಯಪ್ಪ ಬೇಡವೆಂದ ಅದೇ ಗೇರು! ಕಣ್ಣು ಮುಚ್ಚಿ ಹಾಕಿದೆ. ಎಂಜಿನ್ ಗುರ್ರೆಂದಿತು. ಹುಟ್ಟಿದಾಗಿಂದ ಹಿಂದಕ್ಕೆ ಹೋಗದ ಮಹೇಶ್ವರಪ್ಪ, ಮಾವನ ಮನೆಯ ಊರಿಗೆ ಮುಖ ಕೊಟ್ಟುಕೊಂಡು, ಸಮಸ್ತ ನೆಂಟರನ್ನೂ ನೋಡುತ್ತಲೇ, ಅವರಿಂದ ದೂರ ದೂರ ಹೋಗತೊಡಗಿದ!

ನಿಲ್ಲಿಸಿ ಗೇರು ಎಳೆದೆ. ಬಿಡಲಿಲ್ಲ. ಒದ್ದೆ. ಬಿಡಲಿಲ್ಲ. ಅತ್ತ ಹೋದರೆ ಹೆಂಡತಿಯಿಲ್ಲದ ಮನೆ, ಮೀಸೆಗೆ ಕತ್ತರಿ. ಇತ್ತ ಬಂದರೆ ಮುಂದಕ್ಕೆ ಹೋಗದ ಕಾರು. ಕಣದ ಹತ್ತಿರ ಅಗಲ ಜಾಗ ನೋಡಿ ದೊರೆಯ ಹಿಂಭಾಗವನ್ನು ಊರ ಕಡೆಗೆ ತಿರುಗಿಸಿದೆ. ಕತ್ತನ್ನು ಎಡಭುಜದ ಮೇಲೆ ಹೊರಳಿಸಿ, ಹಿಂದಿನ ಗಾಜಿನಲ್ಲಿ ದಾರಿ ನೋಡುತ್ತ, ಈಸೂರಿನ ಕಡೆಗೆ ಹಿಮ್ಮುಖವಾಗಿ ಬಿಟ್ಟೆ.

ಜನ ಮತ್ತೆ ಅಡ್ಡ ನಿಂತರು. ಹುಚ್ಚರಾಯಪ್ಪ ನೋಡಿದ, ನೋಡಿದ. ಅವನ ಮುಖ ಅರಳಿತು. ಕೈಯೆತ್ತಿ ಕೂಗಿದ:

"ಬಿಡ್ರಪ್ಪೋ, ದಾರಿ ಬಿಡ್ರಿ! ಬೆನ್ನು ತೋರಿಸ್ಕಂಡು ಬರಾಕ್ಹತ್ತೈತೆ! ಹಿಂಗೆ ಬಂದ್ರೆ ನಮ್ಮದೇನೂ ತಕರಾರಿಲ್ಲ!"

ಊರು ಹೋ ಎಂದು ನಕ್ಕಿತು. ನಾನು ಮರದ ಹತ್ತಿರ ನಿಲ್ಲಿಸಿ, ತಿರುಗಿದ ಕತ್ತಿನಲ್ಲೇ ರಾಜೇಶ್ವರಮ್ಮನನ್ನು ನೋಡಿದೆ. ಹತ್ತು ಎಂದು ಕೇಳುವ ಮುಖ ನನಗೆ ಉಳಿದಿರಲಿಲ್ಲ. ಅವಳು ನಗುತ್ತಿದ್ದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಪ್ಪ ಇದ್ದಿದ್ರೆ ಹೊಟ್ಟೆ ಹಿಡ್ಕಂಡು ನಗೋನು," ಎಂದಳು. ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಕೂತಳು. ಬಾಗಿಲು ನಿಟ್ಟುಸಿರು ಬಿಟ್ಟಿತು. ಅವಳು ಸೀಟನ್ನು ಮೆಲ್ಲಗೆ ಸವರಿದಳು, ಮರದ ಹಲಗೆ ನೋಡಿದಳು, ಮತ್ತೆ ಸೀಟು ಸವರಿದಳು.

"ಅಯ್ಯ, ಎಷ್ಟು ಮೆತ್ತಗೈತ್ರೀ! ಇಂಥ ಸೀಟು ಮಾಡಾಕೆ ಬರೋರು ತಮ್ಮನಿಯಾಗೆ ಸುಮ್ನೆ ಕುಂದ್ರದು ಬಿಟ್ಟು ನಮ್ಮೂರಿಗ್ಯಾಕೆ ಬಂದ್ರು?"

ದೊರೆಯನ್ನು ಮತ್ತೆ ಹಿಂದಕ್ಕೆ ಬಿಟ್ಟೆ. ಅವಳು "ಸ್ವಲ್ಪ ಬಲಕ್ಕೆ... ಎಮ್ಮೆ ಐತೆ ನೋಡ್ರಿ... ಈಗ ನೆಟ್ಟಗೆ" ಎನ್ನುತ್ತಿದ್ದಳು, ನಾನು ಅವಳ ಮುಖವನ್ನೇ ನೋಡುತ್ತ ನಡೆಸುತ್ತಿದ್ದೆ. ತವರುಮನೆಯ ಬಾಗಿಲಿಗೆ ದೊರೆಯ ಬೆನ್ನು ತಾಗಿ ನಿಂತಿತು. ಹುಚ್ಚರಾಯಪ್ಪ ಬಂದು ಬಾಗಿಲು ತೆಗೆದು ಅಕ್ಕನನ್ನು ಇಳಿಸಿಕೊಂಡ. ಬೆರಳ ಗೆಣ್ಣಿನಿಂದ ಕಾರಿನ ಮೈಯನ್ನು ಒಂದು ಸಲ ಟಣ್ ಎಂದು ತಟ್ಟಿ ಹೇಳಿದ:

"ತಗಡೇ ಬಿಡ್ರಿ ಭಾವ. ಪಾಲಿಶ್ ಹೊಡ್ಸಿದ್ದು."

ಮೀಸೆ ಉಳಿಯಿತು. ಕತ್ತು ಹೋಯಿತು! ಎಡಕ್ಕೆ ಹೊರಳಿದ್ದು ಹಾಗೇ ಹಿಡಿದುಕೊಂಡಿತು. ಹೋಳಿಗೆಯನ್ನು ಪಕ್ಕದವರ ಎಲೆ ನೋಡುತ್ತ ಉಂಡೆ. ಸಂಜೆ ಹುಚ್ಚರಾಯಪ್ಪ ಎಣ್ಣೆ ಕಾಯಿಸಿ ಕತ್ತಿಗೆ ತಿಕ್ಕುತ್ತ, "ಅಕ್ಕಾ, ಭಾವನ ಕತ್ತು ನೆಟ್ಟಗಾಗಂಗೆ ಕಾಣಲ್ಲ. ಕಾರು ವಾಪಸ್ ಕೊಟ್ಟುಬಿಡ್ತೀನಿ ಅಂತಾರೆ," ಎಂದ.

ರಾಜೇಶ್ವರಮ್ಮ ನನ್ನ ಎದುರಿಗೆ, ಅಂದರೆ ನನ್ನ ಎಡಭುಜದ ಹಿಂದೆ, ಬಂದು ಕೂತಳು.

"ಯಾಕೆ ಕೊಡಬೇಕು? ಲಗ್ನ ಆದಾಗಿಂದ ನಾನು ಮಾತಾಡಿದ್ರೆ ಒಂದು ಸಲನೂ ನನ್ ಕಡೆ ತಿರುಗದ ಕತ್ತು, ಇವತ್ತು ಆ ಎಮ್ಮೆಯಿಂದ ಮನೆ ಬಾಗಿಲತನಕ ನನ್ನ ಮುಖಾನೇ ನೋಡೈತೆ, ಹೇಳಿದ್ದನ್ನೆಲ್ಲ ಕೇಳೈತೆ. ಮುಂದಿನ ಪಂಚಮಿಗೂ ಅದರಾಗೇ ಬರಾಣ ರೀ," ಎಂದು ನನ್ನ ಬಾಯಿಗೊಂದು ಎಳ್ಳುಂಡೆ ಇಟ್ಟಳು. "ಗೇರು ಮಾತ್ರ ರಿಪೇರಿ ಮಾಡ್ಸಬ್ಯಾಡ್ರಿ."