ಟವೆಲ್ ಹೊದ್ದ ಓಪನ್ ಸೋರ್ಸ್

ಪುಕ್ಕಟೆ ಸಿಗುವುದನ್ನು ಜನ ನಂಬುವುದಿಲ್ಲ. ದುಡ್ಡು ಕೊಟ್ಟು ತಂದದ್ದು ಕೆಟ್ಟರೆ ಹಣೆಬರಹ ಅಂತಾರೆ, ಪುಕ್ಕಟೆ ತಂದದ್ದು ಕೆಟ್ಟರೆ ತಂದವನಿಗೆ ಉಗೀತಾರೆ. ಇದು ಚೆನ್ನಾಗಿ ಗೊತ್ತಿದ್ದೂ ನಾನು ಶ್ರೀನಿವಾಸಪುರದ ಮಾವಿನ ಮಂಡಿಗೆ ಪುಕ್ಕಟೆ ತಂತ್ರಾಂಶ ತರಲು ಹೊರಟೆ. ದಿನಾ ಮುಳಬಾಗಿಲಿನಿಂದ ಬಸ್ಸು ಹಿಡಿದು ಹೋಗಿ ಅಲ್ಲಿ ಲೆಕ್ಕ ನೋಡುವವನು ನಾನು. ಮಾಲೀಕರು ಬಾಷಾ ಸಾಹೇಬರು. ಆ ವರ್ಷ ಮಂಡಿಗೆ ಕಂಪ್ಯೂಟರ್ ಬಂದಿತ್ತು, ಅದರೊಳಗೆ ಏನು ಹಾಕುವುದು ಅನ್ನುವುದೇ ಜಗಳ. ಸಾಹೇಬರ ಅಳಿಯ ಬೆಂಗಳೂರಿನಿಂದ ರೆಡಿಮೇಡ್ ಪ್ಯಾಕೇಜು ತರುತ್ತೇನೆ ಎಂದಿದ್ದ. ಅದು ದಿನಸಿ ಅಂಗಡಿಗೆಂದು ಮಾಡಿದ್ದು. ಕೊಳೆತ ಹಣ್ಣು ಆರಿಸಿ ತೆಗೆಯುವುದು, ಖಾಲಿ ಕ್ರೇಟು ವಾಪಸು ಬರುವುದು, ಇವೆಲ್ಲ ಅದಕ್ಕೇನು ಗೊತ್ತು, ಮಣ್ಣು! ನಾನು ಓಪನ್ ಸೋರ್ಸ್ ಅಂದೆ. ಅದರ ಒಳಗನ್ನು ಯಾರು ಬೇಕಾದರೂ ನೋಡಬಹುದು, ನಮ್ಮ ಲೆಕ್ಕಕ್ಕೆ ಬೇಕಾದ ಕಂಪ್ಯೂಟರ್ ಪರದೆಗಳನ್ನು ನಾವೇ ಕಟ್ಟಿಕೊಳ್ಳಬಹುದು ಅಂದೆ.

“ಅರೆ ಆಚಾರ್ರೇ, ಪುಕ್ಸಟ್ಟೆ ಕೊಡೋರು ಹುಚ್ಚರಾ? ಒಳಗೇನೋ ಕೊಳೆತಿರತ್ತೆ ಬಿಡಿ,” ಅಂದರು ಸಾಹೇಬರು.

“ಸಾಹೇಬ್ರೇ, ನೀವು ಬುಟ್ಟಿ ತಗೊಳ್ಳೋವಾಗ ಮೇಲಿನ ಹಣ್ಣು ನೋಡಿ ಒಪ್ಕೋತೀರಾ?”

“ತೋಬಾ! ಬೋರಲು ಹಾಕಿಸ್ತೀನಿ.”

“ಅಳಿಯಂದ್ರು ತರೋ ಪೆಟ್ಟಿಗೆಗೆ ಮೊಳೆ ಹೊಡೆದಿರ್ತಾರೆ. ಇದನ್ನ ಬೋರಲು ಹಾಕಿ ನೋಡಬಹುದು.”

ಸಾಹೇಬರು ಗಡ್ಡ ಸವರಿಕೊಂಡರು. “ಸರಿ. ಸೀಸನ್ ಶುರುವಾದ ದಿನ ಇದು ನಡೀಬೇಕು. ನಡೀಲಿಲ್ಲಾಂದ್ರೆ ಅಳಿಯನ ಮಾಲು ಬರತ್ತೆ, ಅವನ ಕಡೆಯೋರೇ ಅದರ ಮುಂದೆ ಕೂತ್ಕೋತಾರೆ. ನೀವು ತೂಕದ ಹತ್ರ ನಿಂತ್ಕೊಳ್ಳಿ.”

ಅಂದರೆ ನನ್ನ ಕುರ್ಚಿಗೇ ಸಂಚಕಾರ. ಇಷ್ಟು ವರ್ಷ ಫ್ಯಾನಿನ ಕೆಳಗೆ ಕೂತವನು ಮೇ ತಿಂಗಳ ಬಿಸಿಲಲ್ಲಿ ತಕ್ಕಡಿ ಪಕ್ಕ ನಿಲ್ಲುವುದೇ? ಪ್ರಾಣ ಹೋದರೂ ಬಿಡುವುದಿಲ್ಲ ಅಂದುಕೊಂಡೆ. ರಜೆ ಸಿಕ್ಕಾಗಲೆಲ್ಲ ಕೋಲಾರದ ಬ್ರೌಸಿಂಗ್ ಸೆಂಟರಿಗೆ ಹೋಗಿ ಒಂದೊಂದೇ ಪುಕ್ಕಟೆ ತಂತ್ರಾಂಶವನ್ನು ಸಿ.ಡಿ.ಗೆ ಇಳಿಸಿಕೊಂಡು ಬಂದೆ. “ನನ್ನನ್ನ ನೋಡೋಕೆ ಬಂದಾಗ ಒಂದು ಲೋಟ ಕಾಫಿ ಕುಡಿಯೋಷ್ಟರಲ್ಲಿ ಒಪ್ಪಿಬಿಟ್ರಿ, ಇದಕ್ಕೆ ಇಷ್ಟು ಯೋಚನೆಯಾ?” ಎಂದು ಹೆಂಡತಿ ಸರೋಜ ಮೂತಿ ತಿರುವಿದಳು. ಮೊದಲನೆಯದಕ್ಕೆ ಕನ್ನಡ ಅಕ್ಷರ ಹಾಕಿದರೆ ಬರೀ ಚೌಕ ಚೌಕ ತೋರಿಸುತ್ತಿತ್ತು. ಎರಡನೆಯದು ನೋಡಲು ಮದುಮಗನ ಹಾಗಿತ್ತು, ಆದರೆ ಕರೆಂಟು ಹೋದರೆ ಮುನಿಸಿಕೊಂಡು ಬರೆದದ್ದನ್ನೆಲ್ಲ ನುಂಗಿಬಿಡುತ್ತಿತ್ತು. ನಮ್ಮೂರ ಕಡೆ ಕರೆಂಟಿನ ಕಥೆ ಗೊತ್ತೇ ಇದೆಯಲ್ಲ! ಮೂರನೆಯದು ಕುರೂಪಿ, ಕರೆಂಟು ಎಷ್ಟು ಸಲ ಹೋಗಿ ಬಂದರೂ ನಿಲ್ಲಿಸಿದ ಕಡೆಯಿಂದಲೇ ಏಳುತ್ತಿತ್ತು. ಅದನ್ನೇ ಆರಿಸಿದೆ. ಇಂಗ್ಲಿಷ್ ಪುಸ್ತಕ ನೋಡಿಕೊಂಡು, ಬೈದುಕೊಂಡು, ಪರದೆಗಳನ್ನು ಕಟ್ಟಿದೆ. ಒಂದು ಸಾಲು ಸರಿಹೋದರೆ ಇನ್ನೊಂದು ಮುಷ್ಕರ ಹೂಡುತ್ತಿತ್ತು.

ಸೀಸನ್ನಿನ ಮೊದಲ ದಿನ ಬಂತು. ಗೇಟಿನೊಳಗೆ ಲೋಡು, ಮಂಡಿಯ ತುಂಬ ಜನ. ಸಾಹೇಬರ ಬೆನ್ನ ಹಿಂದೆ ಅಳಿಯ ನಗುತ್ತ ನಿಂತಿದ್ದ. ರೈತನ ಹೆಸರು ಹಾಕಿದೆ, ಹಣ್ಣು ಬಾದಾಮಿ ಅಂತ ಹಾಕಿದೆ, ತೂಕ ಹಾಕಿದೆ. ಕೆಳಗೆ ‘ಬೆಲೆ’ ಎಂದು ಬಂತು. ನಾನು ಉತ್ಸಾಹದಲ್ಲಿ, “ಸಾಹೇಬ್ರೇ, ಎಷ್ಟಕ್ಕೆ ಹೋಯ್ತು?” ಎಂದು ಕೂಗಿಬಿಟ್ಟೆ.

ಇಡೀ ಮಂಡಿ ನನ್ನ ಕಡೆ ತಿರುಗಿತು. ನಮ್ಮಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದುಂಟೇ? ಕೊಳ್ಳುವವನೂ ಮಾರುವವನೂ ಟವೆಲ್ಲಿನಡಿ ಕೈ ಹಿಡಿದು, ಬೆರಳು ಒತ್ತಿ ಕುದುರಿಸುತ್ತಾರೆ. ಪಕ್ಕದವನಿಗೆ ಗೊತ್ತಾಗಬಾರದು. ಅದೆಲ್ಲ ಗೊತ್ತಿದ್ದೂ ನಾನು ಎಲ್ಲರಿಗೂ ಕಾಣುವ ಹಾಗೆ ಗೋಲಿಗಾತ್ರದ ಅಂಕಿ ತೋರಿಸುವ ಪರದೆ ಕಟ್ಟಿದ್ದೆ! ವ್ಯಾಪಾರಿಗಳು ಆಗಲೇ ಕತ್ತು ಉದ್ದ ಮಾಡಿದ್ದರು. ಅಳಿಯ, “ನಾನು ಹೇಳಿರ್ಲಿಲ್ವಾ ಮಾಮಾ?” ಅಂದ. ನನ್ನ ಕಣ್ಣಿಗೆ ತಕ್ಕಡಿ ಕಂಡಿತು.

ಸಾಹೇಬರು ನೆಟ್ಟಗೆ ಬಂದು ಹೆಗಲ ಮೇಲಿನ ಟವೆಲ್ಲನ್ನು ಕಂಪ್ಯೂಟರಿನ ಮೇಲೆ ಹೊದಿಸಿದರು. ನನ್ನ ತಲೆಯನ್ನೂ ಅದರೊಳಕ್ಕೆ ತೂರಿಸಿ, ತಮ್ಮ ಕೈ ಒಳಗಿಟ್ಟು ನನ್ನ ಬೆರಳು ಒತ್ತಿದರು. ನಾನು ಬೆಲೆ ಒತ್ತಿದೆ. ಚೀಟಿ ಬಂತು!

“ಬಾಗುಂದಿ, ಚೆನ್ನಾಗಿದೆ ಆಚಾರ್ರೇ! ಈಗ ನಿಮ್ಮ ಕಂಪ್ಯೂಟರ್ ವ್ಯಾಪಾರ ಕಲೀತು,” ಅಂದರು. ಅಳಿಯ ಬಸ್ ಸ್ಟ್ಯಾಂಡಿನ ಕಡೆ ಹೊರಟ. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಒಳಗನ್ನೆಲ್ಲ ಜಗತ್ತಿಗೇ ತೆರೆದಿಟ್ಟ ಆ ತಂತ್ರಾಂಶ ಸೀಸನ್ ಪೂರ್ತಿ ಟವೆಲ್ ಹೊದ್ದುಕೊಂಡೇ ದುಡಿಯಿತು. ಫ್ಯಾನು ನನ್ನ ಮೇಲೇ ತಿರುಗುತ್ತಿತ್ತು, ಗಾಳಿ ಮಾತ್ರ ಟವೆಲ್ಲಿನೊಳಗೆ ಬರುತ್ತಿರಲಿಲ್ಲ. ಅದಿರಲಿ, ಕುರ್ಚಿ ಉಳಿಯಿತಲ್ಲ. ಒಂದು ಸಂಜೆ ಮನೆಗೆ ಬಂದು ಕೈಕಾಲು ತೊಳೆದೆ. ಪಕ್ಕದ ಮನೆಯಾಕೆ ಜಗಲಿಯಲ್ಲಿ ಕೂತಿದ್ದರು. ಸರೋಜ, “ಇವತ್ತು ಬಾದಾಮಿ ಎಷ್ಟಕ್ಕೆ ಹೋಯ್ತು ರೀ?” ಎಂದು ಕೇಳಿದಳು. ಮುಕ್ತ ತಂತ್ರಾಂಶದ ಪರವಾಗಿ ಅಷ್ಟೆಲ್ಲ ವಾದಿಸಿದ ನಾನು ಆಚೀಚೆ ನೋಡಿ, ತಂತಿಯ ಮೇಲಿನ ಟವೆಲ್ ಎಳೆದು ಅವಳ ಕೈ ಮೇಲೆ ಹಾಕಿದೆ.

“ಥೂ, ಏನ್ರೀ ಇದು! ಬಾಯಲ್ಲಿ ಹೇಳ್ರೀ!” ಅಂದಳು.