ಚಿಗವ್ವನ ಕೆಂಪು ಶಾವಿಗೆ

ನಮ್ಮ ಚಿಗವ್ವ, ಅಂದರೆ ಅವ್ವನ ತಂಗಿ, ಶಾವಿಗೆ ತಿನ್ನುವುದಿಲ್ಲ, ವಿಚಾರಣೆ ಮಾಡುತ್ತಾಳೆ! ಸಿಂದಗಿಯ ಮನೆಯಲ್ಲಿ ನಾವೆಲ್ಲ ಹಾಲು-ಸಕ್ಕರೆ ಸುರಿದುಕೊಂಡು ಬಟ್ಟಲು ಬರಿದು ಮಾಡಿದರೂ ಆಕೆ ಒಂದೇ ಎಳೆ ಎತ್ತಿ ಹಿಡಿದು, "ಎಲ್ಲಿಂದ ಬಂದಿ, ಎಲ್ಲಿಗೆ ಹೊಂಟಿ?" ಎಂದು ಕೇಳುತ್ತ ಕೂತಿರುತ್ತಾಳೆ.

ತಪ್ಪು ಆಕೆಯದಲ್ಲ, ಕಸುಬಿನದು. ಆಕೆ ವಿಜ್ಞಾನಿ. ಪ್ಲಾಸ್ಟಿಕ್ಕಿನೊಳಗಿನ ಪಾಲಿಮರ್ ಅಣುಗಳು ಶಾವಿಗೆಯಂಥ ಉದ್ದ ಎಳೆಗಳಂತೆ. ಒಂದರೊಳಗೊಂದು ಸಿಕ್ಕಿಕೊಂಡೂ ಸರಿದಾಡುತ್ತವಂತೆ! ನ್ಯೂಟ್ರಾನ್ ಕಣಗಳನ್ನು ಹಾಯಿಸಿ, ಅವು ಹೇಗೆ ಚದುರುತ್ತವೆಂದು ಅಳೆದು, ಆ ಸರಿದಾಟ ಪತ್ತೆ ಮಾಡುವುದು ಈಕೆಯ ಕೆಲಸ. ಎಲ್ಲ ಎಳೆಯೂ ಒಂದೇ ತರಹ ಇದ್ದರೆ ಗುರುತು ಸಿಗುವುದಾದರೂ ಹೇಗೆ? ಅದಕ್ಕೆ ಕೆಲವು ಎಳೆಗಳಿಗೆ ಮಾತ್ರ ಭಾರದ ಹೈಡ್ರೋಜನ್ ಸೇರಿಸಿ ಗುರುತು ಮಾಡುತ್ತಾರೆ.

ಹೋದ ವರ್ಷ ಆ ಗುರುತಿನ ಎಳೆಗಳೇ ಕೈಕೊಟ್ಟವು. ಎಲ್ಲ ಒಂದೆಡೆ ಗಂಟು ಕಟ್ಟಿ, ನ್ಯೂಟ್ರಾನ್ ಯಂತ್ರ ಸಿಕ್ಕಿದ್ದ ಮೂರು ದಿನವೂ ದಂಡ. ಈಗ ಇನ್ನೊಮ್ಮೆ ಮೂರು ದಿನ ಕೊಟ್ಟಿದ್ದರು. ಈ ಸಲವೂ ಕೆಟ್ಟರೆ ಇಷ್ಟು ವರ್ಷದ ಕೆಲಸಕ್ಕೆ ಬಾಗಿಲು ಹಾಕಬೇಕು.

ಇಂಥ ಹೊತ್ತಿನಲ್ಲೇ ಇಂಡಿ ಊರಿನಿಂದ ಗಂಡಿನವರು ಆಕೆಯನ್ನು ನೋಡಲು ಬರಬೇಕೆ! ಚಿಗವ್ವ ತನ್ನ ಗುರುತಿನ ಎಳೆಗಳಂತೆ ಒಂದಿಷ್ಟು ಶಾವಿಗೆಗೆ ಕೆಂಪು ಬಣ್ಣ ಹಚ್ಚಿ, ಬಿಳಿಯದರ ಜೊತೆ ಚೂರೇ ನೀರಿನಲ್ಲಿ ಬೇಯಿಸಿ ಬಡಿಸಿದಳು. ವರನ ಮುಖ ನೋಡಬೇಕಾದವಳು ಅವನ ಅಪ್ಪನ ಬಟ್ಟಲಿಗೆ ಇಣುಕಿದಳು.

"ಏನ್ ನೋಡಾಕತ್ತೀಯವ್ವಾ ತಂಗೀ?"

"ನಿಮ್ಮ ಬಟ್ಟಲದಾಗೂ ಕೆಂಪುವು ಗಂಟ ಕಟ್ಟ್ಯಾವ್ರಿ! ತಿನಬ್ಯಾಡ್ರಿ, ಫೋಟೋ ತಗೊಳ್ತೇನಿ!"

ಅವರು ಚಹಾಕ್ಕೂ ನಿಲ್ಲಲಿಲ್ಲ.

ಆಯಿಗೆ, ಅಂದರೆ ಚಿಗವ್ವನ ತಾಯಿಗೆ, ಸಿಟ್ಟು ನೆತ್ತಿಗೇರಿತು. ಗಂಡು ಹೋದದ್ದಕ್ಕೆ ಅಂದುಕೊಂಡಿರಾ? ಶಾವಿಗೆ ಗಂಟು ಕಟ್ಟಿದ್ದಕ್ಕೆ!

"ಇಷ್ಟ ಓದಿ ಏನ್ ಬಂತು? ಬೋಗಾಣಿ ತುಂಬ ನೀರ ಇಡು, ಸ್ವಲ್ಪ ಸ್ವಲ್ಪ ಉದುರ್ಸು. ಬಿಚ್ಚಿಕೊಳ್ಳಾಕ ಅವಕ್ಕ ಜಾಗಾ ಬ್ಯಾಡೇನ?"

ಚಿಗವ್ವ ಹಣೆ ಬಡಿದುಕೊಂಡಳು. "ಯವ್ವಾ! ಎಳಿ ಕರಗಸಾಕ ನಾ ದ್ರಾವಕಾನ ಕಡಿಮಿ ಹಾಕಿದ್ದೆ!" ಎಂದವಳೇ ಪ್ರಯೋಗಾಲಯಕ್ಕೆ ಹೊರಡಲು ಚೀಲ ಕಟ್ಟಿದಳು.

ಯಂತ್ರ ಸಿಕ್ಕ ಮೂರನೆಯ ದಿನ ಫೋನು ಕಿರುಚಿತು. "ಗಂಟಿಲ್ಲ ಯವ್ವಾ! ಎಳಿ ಹೆಂಗ ಸರೀತಾವಂತ ಪಕ್ಕಾ ಸಿಕ್ತು! ಗೆದ್ವಿ!" ಆಯಿ ಓಣಿಗೆಲ್ಲ ಸಕ್ಕರೆ ಹಂಚಿದಳು: "ನನ್ನ ಮಗಳ ಶಾವಿಗಿ ಬಿಡಿಬಿಡಿ ಆಗ್ಯಾವ!" ಯಾರಿಗೇನು ತಿಳಿಯಿತೋ, ಎಲ್ಲರೂ ಸಕ್ಕರೆ ಮುಕ್ಕಿ ಶಹಬ್ಬಾಸ್ ಅಂದರು.

ಚಿಗವ್ವ ಊರಿಗೆ ಬಂದ ದಿನ ಆಯಿ ಬಸಿದ ಶಾವಿಗೆ ಬಡಿಸಿದಳು. ಬಿಳಿ ರಾಶಿಯಲ್ಲಿ ಒಂದೇ ಒಂದು ಕೆಂಪು ಎಳೆ.

"ಇದ್ಯಾಕವ್ವಾ, ಒಂದ?"

"ಸಂಜಿಮುಂದ ಸಾಲಿ ಬಿಟ್ಟಾಗ ಅಷ್ಟು ಹುಡುಗೂರೊಳಗ ನನಗ ನೀ ಹಿಂಗ ಕಾಣ್ತಿದ್ದಿ. ಈಗೂ ಹಂಗ ಕಾಣ್ತಿ."

ಚಿಗವ್ವ ಆ ಎಳೆಯನ್ನು ಏನೂ ಕೇಳದೆ ತಿಂದಳು, ಅಳುತ್ತಲೇ.