ದೇವರಿಗಿಟ್ಟ ಉಂಡಿ ಮತ್ತು ಮ.ಸಾ.ಅ.

ನನ್ನ ನೆನಪನ್ನು ನಾನು ನಂಬುವುದಿಲ್ಲ. ಯರಗೇರಾದ ಸ್ನಾತಕೋತ್ತರ ಕೇಂದ್ರಕ್ಕೆ ಬಸ್ಸಿನಲ್ಲಿ ಓಡಾಡಿ ಗಣಿತದಲ್ಲಿ ಪದವಿ ಪಡೆದಾಗಿನಿಂದ ಎಲ್ಲವನ್ನೂ ಅನುಮಾನಿಸುವುದು ಅಭ್ಯಾಸವಾಗಿಬಿಟ್ಟಿದೆ. ಈಗ ರಾಯಚೂರಿನ ಮನೆಗೆ ಬೀಗ ಹಾಕಿದ ಮೇಲೂ ಓಣಿಯ ಮೂಲೆಯಿಂದ ತಿರುಗಿ ಬಂದು ಎಳೆದು ನೋಡುತ್ತೇನೆ. ಇಂಥವನನ್ನು ಮಾನ್ವಿಯ ನಮ್ಮಕ್ಕ, ಬಸುರಿ ಮಗಳಿಗೆ ಉಡಿ ತುಂಬುವ ಕುಬಸದ ದಿನ ಲೆಕ್ಕಕ್ಕೆ ಕೂರಿಸಿದಳು.

ಆಕೆ ಕಟ್ಟಿದ್ದು ಅರವತ್ತು ಶೇಂಗಾ ಉಂಡಿ. ನಾನು ಒಯ್ದದ್ದು ಎಂಬತ್ನಾಲ್ಕು ಬಾಳೆಹಣ್ಣು. "ಲೇ ತಮ್ಮಾ, ಎಲ್ಲಾರ ಉಡಿಗೂ ಎರಡೂ ಸಮಾ ಬೀಳಬೇಕು, ಒಂದೂ ಉಳೀಬಾರದು. ಭಾಳಂದ್ರ ಎಷ್ಟು ಹೆಣ್ಮಕ್ಕಳನ್ನ ಕರೀಲಿ? ದೇವದುರ್ಗದ ಬೀಗರು ಬರಾಕತ್ತಾರ. ಹೆಚ್ಚುಕಮ್ಮಿ ಆತಂದ್ರ ನನ್ನ ಮಗಳು ಜೀವಮಾನಪೂರ್ತಿ ಆ ಮಾತು ಕೇಳಬೇಕಾಗ್ತದ" ಎಂದಳು.

ಇದಕ್ಕೊಂದು ದಾರಿಯಿದೆ ಎಂದು ಗೊತ್ತಿತ್ತು; ಅದು ಮ.ಸಾ.ಅ.ವೋ ಲ.ಸಾ.ಅ.ವೋ ಎಂಬುದು ಮಾತ್ರ ಮರೆತಿತ್ತು. ಮೊದಲು ಲ.ಸಾ.ಅ. ಹಿಡಿದೆ.

"ನಾಕುನೂರಾ ಇಪ್ಪತ್ತು ಮಂದಿ."

ಅಕ್ಕ ನನ್ನನ್ನೇ ದಿಟ್ಟಿಸಿದಳು. "ಇದು ಲೆಕ್ಕಾನೋ, ನಿನ್ನ ಹೆಸರೋ?"

ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಎರಡನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ, ಹನ್ನೆರಡು. ತಲಾ ಐದು ಉಂಡಿ, ಏಳು ಹಣ್ಣು. ಮಗಳೂ ಬೀಗಿತ್ತಿಯೂ ಸೇರಿ ಸರಿಯಾಗಿ ಹನ್ನೆರಡು ಮಂದಿ ಬಂದು ಕೂತರು. ನಾನೂ ಕಾಲು ಚಾಚಿ ಕೂತೆ.

ತಟ್ಟೆ ಜೋಡಿಸುತ್ತಿದ್ದ ಅಕ್ಕ ಒಳಗಿಂದ ಓಡಿಬಂದಳು. "ಒಂದು ಉಂಡಿ ಕಮ್ಮಿ ಬಿತ್ತಲ್ಲೋ! ದೇವರಿಗೆ ಎಡಿ ಇಟ್ಟಿದ್ದು ಮರತೇ ಹೋಗಿತ್ತು."

ನಾನು ಐವತ್ತೊಂಬತ್ತು ಹಿಡಿದು ಮತ್ತೆ ಭಾಗಿಸಿದೆ. ಐವತ್ತೊಂಬತ್ತು ಯಾರ ಜೊತೆಗೂ ಕೂಡದ ಸಂಖ್ಯೆ. ಮ.ಸಾ.ಅ. ಒಂದು! "ಹಂಗಾದ್ರ ಒಬ್ಬಾಕಿನ್ನೇ ಕರೀಬೇಕಿತ್ತು" ಎಂದೆ. ಅಕ್ಕನ ಕಣ್ಣಲ್ಲಿ ನೀರು ತುಂಬಿತು.

ಬೀಗಿತ್ತಿಗೆ ಎಲ್ಲ ಕೇಳಿಸಿತ್ತು. "ದೇವರು ಎಲ್ಲಿ ತಿಂತಾನ್ರೀ ಯವ್ವಾ? ಪೂಜಿ ಆತಲ್ಲ, ಆ ಪ್ರಸಾದ ನನ್ನ ಸೊಸಿ ಉಡ್ಯಾಗ ಹಾಕ್ರಿ" ಎಂದರು.

ಎಷ್ಟು ಸರಳ! ಎಲ್ಲರೂ ದೇವರ ಗೂಡಿನತ್ತ ತಿರುಗಿದರು. ತಟ್ಟೆ ಖಾಲಿ. ಆಮೇಲೆ ಎಲ್ಲರೂ ನನ್ನತ್ತ ತಿರುಗಿದರು. ಕಠಿಣ ಭಾಗಾಕಾರ ಮಾಡುವಾಗ ನನಗೆ ಬಾಯಿ ಆಡಿಸುತ್ತಿರಬೇಕು.

ಬೀಗಿತ್ತಿ ಸೆರಗೊಡ್ಡಿದರು. "ನನಗ ನಾಕೇ ಹಾಕ್ರಿ. ಐದನೇದು ನಿಮ್ಮ ತಮ್ಮನ ಬಾಯಾಗ ಅದ."

ಇಡೀ ಮನೆ ನಕ್ಕಿತು, ಅಕ್ಕ ಎಲ್ಲರಿಗಿಂತ ಜೋರಾಗಿ. ನನಗೆ ಉತ್ತರ ಕೊಡಲು ಬಾಯಿ ಖಾಲಿ ಇರಲಿಲ್ಲ.

ಆ ಉಂಡಿ ನನ್ನ ಕೈಗೆ ಹೇಗೆ ಬಂತೆಂದು ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ. ಯಾರೋ ಪ್ರಸಾದವೆಂದು ಕೊಟ್ಟಿರಬೇಕು. ನನ್ನ ನೆನಪನ್ನು ನಂಬುವಂತಿಲ್ಲ ಎಂದು ಮೊದಲೇ ಹೇಳಿದ್ದೇನಲ್ಲ.